ಅಮ್ಮನ ಸೋಫಾಗೆ ಸೀರಿಯಲ್ ಕನೆಕ್ಷನ್

ಸುಸ್ತಾಗಿದೆ ಸ್ವಾಮಿ. ಸೋಫಾದ ಕೆಳಗೆ ತೂರಿ ತೂರಿ ಸೊಂಟ ಹಿಡಿದುಕೊಂಡಿದೆ. ಸಿನಿಮಾದಲ್ಲಿ ಗುಡುಗಿದರೆ ಕೂತವರ ಬೆನ್ನಿಗೂ ತಟ್ಟಲಿ ಎಂದು ಸೀಟಿನಡಿ ಬಿಗಿಯುವ ಸಾಮಾನೊಂದಿದೆ, ಶೇಕರ್ ಅನ್ನುತ್ತಾರೆ. ಸ್ಪೀಕರಿನ ದಾಯಾದಿಯೇ, ಆದರೆ ಮೂಕ, ಬರೀ ನಡುಗುತ್ತದೆ. ದಿನಾ ಜೆ.ಪಿ. ನಗರದ ಹಳ್ಳಕೊಳ್ಳಗಳಲ್ಲಿ ಗಾಡಿ ಓಡಿಸುವವರು ನಡುಕವನ್ನು ದುಡ್ಡು ಕೊಟ್ಟು ಬೇರೆ ತರಬೇಕೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು.

ಬೇಕಾಗಿದ್ದು ಅಮ್ಮನಿಗೆ. ಅವಳಿಗೆ ಕಿವಿ ಮಂದವಾಗಿದೆ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ, ಪಾತ್ರೆ ತೊಳೆಯುವ ಸದ್ದೆಲ್ಲ ತಲೆಯೊಳಗೇ ಬಂದು ಕೂರುತ್ತದೆ ಎಂದು ಕಳಚಿ ಡಬ್ಬಿಗೆ ಹಾಕಿದಳು. ಈಚೆಗಂತೂ ಸಂಜೆ ನಾವೆಲ್ಲ ಹಾಲ್‌ನಲ್ಲಿ ಸೇರಿದರೆ ತಾನೊಬ್ಬಳೇ ರೂಮಿಗೆ ಹೋಗಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನಾವು ನಕ್ಕಾಗ ಯಾಕೆಂದು ತಿಳಿಯದೆ ತಾನೂ ನಕ್ಕು ನಕ್ಕು ಸಾಕಾಗಿರಬೇಕು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕಿವಿಯಿಂದ ಹೋಗದ್ದು ಬೆನ್ನಿಂದಾದರೂ ಹೋಗಲಿ ಎಂದುಕೊಂಡೆ.

ಶೇಕರ್ ಸಿಕ್ಕರೆ ಸಾಲದು, ಅದಕ್ಕೂ ಆಂಪ್ಲಿಫೈಯರಿಗೂ ಜಾತಕ ಕೂಡಬೇಕು. ಎಷ್ಟು ವ್ಯಾಟ್, ಎಷ್ಟು ಓಮ್? ಜಯನಗರದ ಅಂಗಡಿಯವನು ದೊಡ್ಡದೇ ಇರಲಿ ಸಾರ್ ಅಂದ. ಎಸ್.ಪಿ. ರಸ್ತೆಯವನು, ದೊಡ್ಡದಾದರೆ ಸೋಫಾದ ಮೊಳೆ ಕಿತ್ತು ಬರುತ್ತೆ ಅಂದ. ಎರಡಕ್ಕೂ ನಡುವಿನ ಆಂಪ್ಲಿಫೈಯರೊಂದನ್ನು ತಂದೆ. ಸೋಫಾದ ಎರಡು ತುದಿಗೆಂದು ತಂದಿದ್ದ ಎರಡು ಶೇಕರನ್ನೂ ನೇರ ಅದಕ್ಕೇ ಕಟ್ಟಿದರೆ ದೋಸೆ ಹೆಂಚಿನಂತೆ ಕಾದು, ಮುನಿಸಿಕೊಂಡು ಆಫ್ ಆಯಿತು. ಒಂದರ ಬಾಲವನ್ನು ಇನ್ನೊಂದರ ತಲೆಗೆ ಕಟ್ಟಿದರೆ ಆಂಪ್ಲಿಫೈಯರಿನ ಹೊರೆ ಇಳಿಯುತ್ತದಂತೆ. ಪುಸ್ತಕದಲ್ಲಿ ಇದಕ್ಕೆ ಸೀರೀಸ್ ಎಂದು ಹೆಸರು. ಗಣಪತಿ ಪೆಂಡಾಲಿನ ದೀಪದ ಸರವನ್ನು ಸೀರಿಯಲ್ ಸೆಟ್ ಅನ್ನುವ ನಮಗೆ ಅದು ಸೀರಿಯಲ್ಲೇ.

ಭಾನುವಾರ ಸೋಫಾ ಮಗುಚಿ ನೆಲದ ಮೇಲೆ ಬಿದ್ದುಕೊಂಡಿದ್ದ ನನ್ನನ್ನು ನೋಡಿ ಅಮ್ಮ ಇದೇನೆಂದು ಕೇಳಿದಳು. ಹೆಂಡತಿ ಅವಳ ಕಿವಿಯ ಬಳಿ ಬಾಗಿ, "ಸೀರಿಯಲ್ ಕನೆಕ್ಷನ್ ಕೊಡ್ತಿದಾರೆ ಅತ್ತೆ" ಎಂದು ಕೂಗಿದಳು. ಅಷ್ಟೇ ಸಾಕಾಯಿತು. ಸಂಜೆ ದೀಪ ಹಚ್ಚಿದ್ದೇ ತಡ, ಅಮ್ಮ ಮುಖ ತೊಳೆದು, ತಲೆ ಬಾಚಿ, ಬಟ್ಟಲಲ್ಲಿ ಕಡ್ಲೆಪುರಿ ಹಿಡಿದು ಬಂದು ಸೋಫಾದ ನಟ್ಟನಡುವೆ ಕೂತಳು. ನಾನು ಯುದ್ಧದ ಸಿನಿಮಾ ಎತ್ತಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟು ಸೀರಿಯಲ್ ಹಾಕಿದೆ.

ಸೀರಿಯಲ್ಲಿನ ಅತ್ತೆ ಸೊಸೆಯ ಕಡೆ ಕತ್ತು ತಿರುಗಿಸಿದಳು. ಧಡ್! ಸೋಫಾ ನಡುಗಿತು. ಅಮ್ಮನ ಕಣ್ಣು ಅರಳಿತು. ಆ ಹೆಂಗಸು ಇನ್ನೊಂದು ಸಲ ತಿರುಗಿದಳು, ಬಟ್ಟಲಲ್ಲಿ ಪುರಿ ಕುಣಿಯಿತು. ಯಾರು ಕೆಟ್ಟವರು, ಯಾರಿಗೆ ಗಂಡಾಂತರ ಎಂಬುದೆಲ್ಲ ಅಮ್ಮನಿಗೆ ಬೆನ್ನಿಂದಲೇ ತಿಳಿಯತೊಡಗಿತು. ಸೊಂಟದ ನೋವು ಮರೆತು ನನಗೆ ನಿಜಕ್ಕೂ ಖುಷಿಯಾಯಿತು.

ಜಾಹೀರಾತು ಬಂದಾಗ ಅವಳು ಸೀಟನ್ನು ಸವರಿದಳು.

"ಚೆನ್ನಾಗಿದೆ ಕಣೋ. ನೀವು ಮಾತಾಡೋದೂ ಇದ್ರಲ್ಲಿ ಬರುತ್ತಾ?"

ಬರುವುದಿಲ್ಲ. ಮಾತಿನಂಥ ತೆಳು ಸದ್ದು ಸೀಟಿಗೆ ಇಳಿಯದಂತೆ ತಡೆಯಲು ಆಂಪ್ಲಿಫೈಯರಿನಲ್ಲಿ ಒಂದು ತಿರುಪು ಇರುತ್ತದೆ. ಮಧ್ಯಾಹ್ನವೆಲ್ಲ ಕೂತು ಅದನ್ನು ಹದ ಮಾಡಿದ್ದವನು ನಾನೇ. ಟಿವಿಯ ಸದ್ದು ತಗ್ಗಿಸಿ, ಅವಳ ಪಕ್ಕಕ್ಕೆ ಒತ್ತಿ ಕೂತು, ವಾರವೆಲ್ಲ ಆಫೀಸಿನಲ್ಲಿ ನಡೆದ ರಗಳೆಯನ್ನು ಅವಳ ಕಿವಿಗೆ ಕೂಗಿ ಹೇಳತೊಡಗಿದೆ. ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಬಟ್ಟಲನ್ನು ನನ್ನ ಕಡೆ ಸರಿಸಿದಳು.

"ಮೆತ್ತಗೆ ಹೇಳೋ. ಪಕ್ಕದ ಮನೆಯವರು ಜಗಳ ಅಂದ್ಕೋತಾರೆ."