ಎಲಿಸವ್ವ ಬಿಟ್ಟು ಬಂದ ಹುಂಜ

ಬೇವೂರಿನಲ್ಲಿ ಎಲಿಸವ್ವನ ಹಿಟ್ಟಿನ ಗಿರಣಿ ರವಿವಾರ ತಿರುಗುವುದಿಲ್ಲ. ಒಮ್ಮೆ ಹೊಳಬಸಪ್ಪನ ಮಗಳ ಮದುವೆ ಸೋಮವಾರಕ್ಕೆ ಬಂದು, ಅವನ ಮನೆಯವರೆಲ್ಲ ಗೋಧಿ ಚೀಲ ಹೊತ್ತುಕೊಂಡು ಹಿಂದಿನ ದಿನ ಬಾಗಿಲಿಗೆ ಬಂದು ನಿಂತರೂ ತಿರುಗಲಿಲ್ಲ. "ಇವತ್ತ ದೇವರ ದಿನಾರಿ. ನಾಳೆ ನಿಮ್ಮ ಒಲಿ ಹೊತ್ತೂದ್ರಾಗ ಹಿಟ್ಟು ನಿಮ್ಮ ಮನ್ಯಾಗ ಇರ್ತದ," ಎಂದಳು. ಸೋಮವಾರ ಕೋಳಿ ಕೂಗುವ ಮೊದಲೇ ಎದ್ದು ಬೀಸಿ, ಗಂಡ ಲೂಕಪ್ಪನ ಹೆಗಲಿಗೆ ಚೀಲ ಹೇರಿ ಕಳಿಸಿಯೂ ಬಿಟ್ಟಳು. ಹೊಳಬಸಪ್ಪ ಎರಡು ದಿನ ಬೈದ. ಆಮೇಲೆ ತಾನೇ ಊರ ತುಂಬ ಹೇಳಿಕೊಂಡು ತಿರುಗಿದ: "ಆಕಿ ಮಾತಂದ್ರ ಮಾತ ನೋಡ್ರಿ."

ಎಲಿಸವ್ವನ ಅಜ್ಜ ಸೈಕಲ್ ಮೇಲೆ ಹುನಗುಂದದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ ಸುವಾರ್ತೆ ಹೇಳುತ್ತಿದ್ದ ಉಪದೇಶಿ. ಬೈಬಲ್ಲಿನ ಮಾತನ್ನು ಮೊದಲು ಮಾಡಬೇಕು, ಅರ್ಥ ತಾನಾಗಿ ಹಿಂದಿನಿಂದ ಬರುತ್ತದೆ ಎಂಬುದು ಅವನ ಪಾಠ. ಮೊಮ್ಮಗಳಿಗೆ ಅದು ಹೊಟ್ಟೆಯೊಳಗೇ ಇಳಿದಿತ್ತು. ಅದುಮಿ, ಅಲ್ಲಾಡಿಸಿ, ತುಂಬಿ ತುಳುಕುವಂತೆ ಅಳೆದು ಕೊಡಬೇಕೆಂದು ಬರೆದಿದೆಯಲ್ಲ, ಆಕೆ ಗಿರಣಿಯ ಬಾಯಿಯನ್ನು ಕಟ್ಟಿಗೆಯಿಂದ ತಟ್ಟಿ ತಟ್ಟಿ ಕಡೆಯ ಹಿಡಿ ಹಿಟ್ಟನ್ನೂ ಗಿರಾಕಿಯ ಚೀಲಕ್ಕೆ ಬೀಳಿಸುವಳು. ಬೈದವರಿಗೆ ಒಳ್ಳೆಯದು ಮಾಡಬೇಕೆಂದು ಬರೆದಿದೆ. ಕುಡಿದು ಬಂದು ವಾಚಾಮಗೋಚರ ಬೈದ ಪಾಂಡಪ್ಪನ ಜೋಳವನ್ನು ಬಿಟ್ಟಿ ಬೀಸಿಕೊಟ್ಟಳು. ಪಾಂಡಪ್ಪ ನಾಚಿ ನೀರಾದ ಎಂದು ಬರೆಯಲು ನನಗೂ ಆಸೆ. ಆದರೆ ಅವನು ಮುಂದಿನ ವಾರ ಇನ್ನೂ ದೊಡ್ಡ ಚೀಲ ತಂದು, ಕುಡಿಯದೆಯೇ ಬೈಯಲು ಶುರುಮಾಡಿದ. ಎಲಿಸವ್ವ ಅದನ್ನೂ ಬೀಸಿಕೊಟ್ಟಳು.

ಇಂಥ ಹೆಂಗಸಿಗೂ ಒಂದು ಜಂಬ ಇತ್ತು, ಇಲ್ಲದಿದ್ದರೆ ಆಕೆಯ ಜೊತೆ ಬಾಳುವೆ ಮಾಡುವುದು ಲೂಕಪ್ಪನಿಗೆ ಕಷ್ಟವಾಗುತ್ತಿತ್ತು. ವರ್ಷಕ್ಕೊಮ್ಮೆ ಬಾಗಲಕೋಟೆಯ ಚರ್ಚಿನಲ್ಲಿ ಸುಗ್ಗಿ ಹಬ್ಬ ಆಗುತ್ತದೆ. ಸುತ್ತಲಿನ ಹಳ್ಳಿಗಳ ಸಭೆಯವರು ಜೋಳ, ಕಡಲೆ, ಕುಂಬಳಕಾಯಿ, ಕೋಳಿ, ಅವರವರ ಮನೆಯಲ್ಲಿ ಬೆಳೆದದ್ದನ್ನು ತಂದು ಯಜ್ಞವೇದಿಯ ಮುಂದೆ ಇಟ್ಟು ಪ್ರಾರ್ಥಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಹರಾಜು. ಎಲಿಸವ್ವನ ಹುಂಜಕ್ಕೆ ಪ್ರತಿ ಸಲ ಕೂಗಾಟ ಜೋರು. ಗಿರಣಿಯ ನುಚ್ಚು ತಿಂದು ಬೆಳೆದ ಹುಂಜ, ನಡೆದರೆ ಗೌಡನ ಹಾಗೆ ನಡೆಯುತ್ತಿತ್ತು. ಹರಾಜು ಕೂಗುವಾಗ ಆಕೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು, ಆದರೆ ಕಿವಿ ಮಾತ್ರ ತಗ್ಗುತ್ತಿರಲಿಲ್ಲ. ಈ ವರ್ಷದ ಹುಂಜ ಹಿಂದಿನವುಗಳನ್ನೆಲ್ಲ ಮೀರಿಸುವಂಥದ್ದು.

ಇನ್ನು ಗುರುಸಿದ್ದವ್ವನ ವಿಷಯ. ಎಲಿಸವ್ವನ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ, ಹಿತ್ತಲಿನಲ್ಲಿ ಅದು ಎದೆಮಟ್ಟ. ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದ ಗುರುಸಿದ್ದವ್ವ, ಪ್ರಾರ್ಥನೆ ಮಾಡದೆ ಒಲೆ ಹಚ್ಚದ ಎಲಿಸವ್ವ, ಇಬ್ಬರೂ ಮದುವೆಯಾಗಿ ಬಂದ ಹೊಸತರಲ್ಲೇ ಆ ಗೋಡೆಯ ಮೇಲೆ ಮೊಣಕೈ ಊರಿ ಗೆಳತಿಯರಾದವರು. ಒಬ್ಬಳ ಕೂಸು ಅತ್ತರೆ ಇನ್ನೊಬ್ಬಳು ಎತ್ತಿಕೊಳ್ಳುವಷ್ಟು ಬಳಕೆ. ಅಂಥ ಗುರುಸಿದ್ದವ್ವ ಮೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಮಾತಷ್ಟೇ ಅಲ್ಲ, ಗಿರಣಿಯನ್ನೂ ಬಿಟ್ಟಳು. ಪಕ್ಕದಲ್ಲೇ ಗಿರಣಿ ಇಟ್ಟುಕೊಂಡು, ಜೋಳದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಎಲಿಸವ್ವನ ಬಾಗಿಲ ಮುಂದೆಯೇ ಹಾಯ್ದು, ಊರಾಚೆಯ ಗಿರಣಿಗೆ ಹೋಗುತ್ತಿದ್ದಳು. ಅಳಿಯನಿಗೆ ಸರಕಾರಿ ನೌಕರಿ ಸಿಕ್ಕಿದ್ದಕ್ಕೆ ಬಂದ ಸೊಕ್ಕು ಇದು ಎಂದು ಎಲಿಸವ್ವ ತೀರ್ಮಾನಿಸಿದಳು. ತೀರ್ಮಾನಿಸಿ, ಪ್ರತಿ ರವಿವಾರ ಚರ್ಚಿನಲ್ಲಿ ಕಣ್ಣು ಮುಚ್ಚಿ ಗುರುಸಿದ್ದವ್ವನ ಸೊಕ್ಕನ್ನು ಮನಸಾರೆ ಕ್ಷಮಿಸುತ್ತಿದ್ದಳು. ಕೂತಲ್ಲೇ ಮಾಡುವ ಇಂಥ ಕ್ಷಮೆಗೆ ಬಸ್ ಚಾರ್ಜು ಕೂಡ ಬೀಳುವುದಿಲ್ಲ.

ಆ ವರ್ಷದ ಸುಗ್ಗಿ ಹಬ್ಬದಲ್ಲಿ ಉಪದೇಶ ಮಾಡಿದವರು ಹೊಸದಾಗಿ ಬಂದ ಪಾಸ್ಟರ್ ಪ್ರಿಯದರ್ಶಿನಿ. ಚಿಕ್ಕ ವಯಸ್ಸು, ಮೆಲ್ಲಗಿನ ದನಿ. ಯೇಸುಸ್ವಾಮಿ ಬೆಟ್ಟದ ಮೇಲೆ ಕೂತು ಹೇಳಿದ ಮಾತನ್ನೇ ಎತ್ತಿಕೊಂಡಿದ್ದರು: ಕಾಣಿಕೆ ತಂದು ವೇದಿಯ ಮುಂದೆ ನಿಂತಾಗ, ನಿನ್ನ ಮೇಲೆ ಯಾರಿಗೋ ಬೇಸರ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವರೊಂದಿಗೆ ಒಂದಾಗು. ಎಲಿಸವ್ವ ಹುಂಜವನ್ನು ಬಗಲಲ್ಲಿ ಹಿಡಿದು ನೆಮ್ಮದಿಯಿಂದ ಕೇಳುತ್ತಿದ್ದಳು. ಆಕೆಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಎಲ್ಲರನ್ನೂ ಕ್ಷಮಿಸಿ ಮುಗಿದಿತ್ತು.

"ನೀವು ಯಾರನ್ನು ಕ್ಷಮಿಸಿದ್ದೀರಿ ಅಂತ ಸ್ವಾಮಿ ಇಲ್ಲಿ ಕೇಳುತ್ತಿಲ್ಲ," ಎಂದರು ಪಾಸ್ಟರ್. "ನಿಮ್ಮಿಂದ ಯಾರಿಗೆ ನೋವಾಗಿದೆ ಅಂತ ಕೇಳುತ್ತಿದ್ದಾರೆ."

ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಅದರ ಮುಖ ಯಾವ ಕಡೆ ಇದೆ ಎಂದು ಎಲಿಸವ್ವ ನೋಡಿರಲೇ ಇಲ್ಲ. ಕಾಣಿಕೆಯ ಸಾಲು ಮುಂದೆ ಸರಿಯಿತು, ಆಕೆಯೂ ಸರಿದಳು. ವೇದಿಯ ಮುಂದೆ ಹುಂಜವನ್ನು ಇಳಿಸಿದಾಗ ಕಣ್ಣಿಗೆ ಕಟ್ಟಿದ್ದು ತಲೆಯ ಮೇಲೆ ಬುಟ್ಟಿ ಹೊತ್ತು, ಈ ಕಡೆ ತಿರುಗಿಯೂ ನೋಡದೆ ಹೋಗುವ ಗುರುಸಿದ್ದವ್ವ. ಸೊಕ್ಕಿನವರು ಅಷ್ಟು ದೂರ ಭಾರ ಹೊರುವುದಿಲ್ಲ. ಎಲಿಸವ್ವ ಪ್ರಾರ್ಥನೆಯನ್ನೂ ಮಾಡದೆ, ಕಾಲು ಕಟ್ಟಿದ ಹುಂಜವನ್ನು ಅಲ್ಲಿಯೇ ಬಿಟ್ಟು, ಎಲ್ಲರ ನಡುವಿನಿಂದ ಬಾಗಿಲ ಕಡೆ ನಡೆದಳು.

ಲೂಕಪ್ಪ ಎದ್ದು ಬಾಗಿಲಲ್ಲಿ ಹಿಡಿದ. "ಎಲ್ಲಿಗೆ ಹೊಂಟಿ?"

"ಗುರಸಿದ್ದಕ್ಕನ ಕಡೆ."

"ಹುಂಜಾ?"

"ಅಲ್ಲೇ ಇರ್ಲಿ. ಹಂಗ ಹೇಳೇತಿ."

"ಸಂಜಿಕೆ ಹೋದ್ರ ಆಗೂದಿಲ್ಲನ?"

"ಮೊದಲ ಹೋಗು ಅಂತ ಐತಿ," ಎಂದು ಚಪ್ಪಲಿ ಮೆಟ್ಟಿಯೇ ಬಿಟ್ಟಳು.

ಬಸ್ಸು ಹೋಗಿಬಿಟ್ಟಿತ್ತು. ಟಂಟಂ ರಿಕ್ಷಾ ಒಂದರಲ್ಲಿ ಈರುಳ್ಳಿ ಚೀಲಗಳ ನಡುವೆ ತುರುಕಿಕೊಂಡು ಕೂತಳು. ದಾರಿಯುದ್ದಕ್ಕೂ ತಾನು ಮಾಡಿದ ತಪ್ಪನ್ನು ಹುಡುಕಿದಳು. ಬಚ್ಚಲ ನೀರು ಅವರ ಕಡೆ ಹರಿಯಿತೇ? ತೂಕದಲ್ಲಿ ಕಮ್ಮಿ ಆಯಿತೇ? ಒಂದೂ ಹೊಂದಲಿಲ್ಲ. ಮಾತುಕತೆ ಮುಗಿಸಿ ಇದೇ ಟಂಟಂನಲ್ಲಿ ತಿರುಗಿದರೆ ಹರಾಜಿಗೆ ಮುಟ್ಟಬಹುದು ಎಂಬ ಲೆಕ್ಕವೂ ತಲೆಯಲ್ಲಿ ಓಡುತ್ತಿತ್ತು. ಇಳಿಯುವಾಗ ಚಾಲಕನಿಗೆ ಸ್ವಲ್ಪ ಹೊತ್ತು ನಿಲ್ಲಲು ಹೇಳಿದಳು.

ಗುರುಸಿದ್ದವ್ವ ಅಡುಗೆಮನೆಯಲ್ಲಿ ನೆಲಕ್ಕೆ ಕೂತು, ಎಡಗೈಯಿಂದ ಜೋಳದ ಹಿಟ್ಟು ನಾದಲು ಒದ್ದಾಡುತ್ತಿದ್ದಳು. ಬಲಗೈ ಮುಂಗೈಗೆ ಬಟ್ಟೆ ಸುತ್ತಿತ್ತು, ಬಚ್ಚಲಲ್ಲಿ ಜಾರಿ ಬಿದ್ದದ್ದಂತೆ. ಹೊಲದಲ್ಲಿ ತೊಗರಿ ಕೊಯ್ಯುವ ಆಳುಗಳಿಗೆ ಬುತ್ತಿ ಹೋಗಬೇಕಿತ್ತು. ಬಾಗಿಲಲ್ಲಿ ನಿಂತವಳನ್ನು ನೋಡಿ ಆಕೆಯ ಕೈ ನಿಂತಿತು.

"ಯಾಕ ಬಂದಿ?"

"ಅಕ್ಕಾ, ನಿನ್ನ ಮನಸಿನ್ಯಾಗ ನನ್ನ ಮ್ಯಾಲ ಏನೋ ಐತಿ. ಏನಂತ ನನಗ ಗೊತ್ತಿಲ್ಲ. ಕೇಳಾಕ ಬಂದೇನಿ."

"ಗೊತ್ತಿಲ್ಲ?" ಗುರುಸಿದ್ದವ್ವನ ದನಿ ಏರಿತು. "ಶಿವಗಂಗಾನ ಕೂಸಿನ ತೊಟ್ಟಲಾ ಕಟ್ಟಿದ ದಿನ ನಿನಗ ಹೋಳಿಗಿ ತಂದು ಕೊಟ್ಟಿದ್ನಿ. ನೆನಪೈತೇನು?"

ಮರೆಯುವುದು ಹೇಗೆ? ಗುರುಸಿದ್ದವ್ವನ ಮಗಳು ಶಿವಗಂಗಾ ಹೆರಿಗೆಯಲ್ಲಿ ಸಾಯುವ ಹಾಗಾಗಿದ್ದಾಗ, ದವಾಖಾನೆಯ ಬಾಗಿಲಲ್ಲಿ ಈ ಗುರುಸಿದ್ದವ್ವನ ಕೈ ಹಿಡಿದು ಬೆಳಗಾಗುವ ತನಕ ಕೂತವಳು ಎಲಿಸವ್ವ. ತಾಯಿ, ಕೂಸು ಇಬ್ಬರೂ ಉಳಿದರು. ತೊಟ್ಟಿಲ ದಿನ ಗುರುಸಿದ್ದವ್ವ ತುಪ್ಪ ಸುರಿದ ಹೋಳಿಗೆಗಳನ್ನು ತಾಟಿನಲ್ಲಿಟ್ಟು ಗೋಡೆಯ ಮೇಲಿಂದ ಕೊಟ್ಟಿದ್ದಳು.

"ಮರುದಿನ ನೀ ಏನಂದಿ? ಭಾಳ ರುಚಿ ಆಗಿತ್ತಕ್ಕಾ, ಒಂದೂ ಬಿಡಲಿಲ್ಲ ಅಂದಿ. ನಾ ಹಿತ್ತಲದಾಗ ನಿಂತು ಕಣ್ಣಾರೆ ನೋಡಿದ್ನಿ. ನನ್ನ ಹೋಳಿಗಿ ನಿನ್ನ ಆಡು ತಿನ್ನಾಕತ್ತಿತ್ತು."

ದೇವರಿಗೆ ಎಡೆ ಹಿಡಿದದ್ದನ್ನು ಎಲಿಸವ್ವನ ತವರಿನಲ್ಲಿ ತಿನ್ನುತ್ತಿರಲಿಲ್ಲ. ತಿನ್ನುವುದಿಲ್ಲ ಎಂದರೆ ನೆರೆಯವರಿಗೆ ನೋವು. ಅದಕ್ಕೆ ಆಕೆಯ ತಾಯಿ ಒಂದು ಉಪಾಯ ಕಲಿಸಿದ್ದಳು: ನಗುತ್ತ ತಗೋ, ದನಕ್ಕೋ ಆಡಿಗೋ ಹಾಕು, ರುಚಿಯಾಗಿತ್ತು ಅನ್ನು. ದೇವರಿಗೂ ಸೈ, ನೆರೆಯವರಿಗೂ ಸೈ. ಎಷ್ಟು ಹೋಳಿಗೆ, ಎಷ್ಟು ಪಂಚಮಿ ಉಂಡಿ ಆ ಹಿತ್ತಲಿನಲ್ಲಿ ಹಾಗೆ ಹೋಗಿದ್ದವೋ. ಇಡೀ ಊರೇ ಎಲಿಸವ್ವನ ಮಾತೆಂದರೆ ಮಾತು ಎನ್ನುತ್ತಿದ್ದಾಗ, ಆ ಆಡು ಒಂದು ಮಾತ್ರ ಒಪ್ಪುತ್ತಿರಲಿಲ್ಲ.

"ಖರೆ ಐತಿ ಅಕ್ಕಾ. ಸುಳ್ಳ ಹೇಳಿದ್ನಿ," ಎಂದಳು. "ಎಡಿ ಹಿಡಿದದ್ದ ನಾವು ತಿನ್ನೂದಿಲ್ಲ. ನಿನಗ ಕೆಟ್ಟ ಅನಿಸಬಾರದಂತ..."

"ಅದು ನನಗ ಗೊತ್ತಿರಲಿಲ್ಲೇನು? ಇಷ್ಟ ವರ್ಷ ಬಾಜೂಕ ಇದ್ದೇನಿ, ನನಗ ಕಣ್ಣಿಲ್ಲೇನು?" ಗುರುಸಿದ್ದವ್ವ ಹಿಟ್ಟಿನ ಪರಾತವನ್ನು ಪಕ್ಕಕ್ಕೆ ಸರಿಸಿದಳು. "ಅದಕ್ಕ ಆ ಹೋಳಿಗಿ ಎಡಿ ಹಿಡಿಯೂಕಿಂತ ಮೊದಲ ನಿನಗಂತ ತಗದಿಟ್ಟಿದ್ನಿ. ದೇವರಿಗಿಂತ ಮೊದಲ ತಗೀತಿಯೇನ ಅಂತ ನಮ್ಮತ್ತಿ ನನಗ ಬೈದಿದ್ಲು. ಬೈಸಿಕೊಂಡು ತಂದು ಕೊಟ್ಟಿದ್ನಿ. ನೀ ಒಂದ ಮಾತ ಕೇಳಲಿಲ್ಲ."

ಎಲಿಸವ್ವ ಹೊಸ್ತಿಲಲ್ಲೇ ಕೂತಳು. ತನ್ನ ನಂಬಿಕೆಯನ್ನು ತಾನೇ ಕಾಪಾಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಳು. ಗೋಡೆಯಾಚೆ ಇನ್ನೊಬ್ಬಳು ಅತ್ತೆಯಿಂದ ಬೈಸಿಕೊಂಡು ಅದನ್ನು ಕಾಪಾಡಿದ್ದಳು. ಮೂರು ವರ್ಷ ತಾನು ಕ್ಷಮಿಸುತ್ತ ಬಂದದ್ದು ಇವಳನ್ನೇ. ನಾಚಿಕೆಗೂ ದುಃಖಕ್ಕೂ ಕಣ್ಣೀರು ದಳದಳ ಇಳಿಯಿತು. "ತಪ್ಪಾತಕ್ಕಾ," ಎಂದಳು.

ಗುರುಸಿದ್ದವ್ವನ ಕಣ್ಣು ಆಕೆಯ ಹಬ್ಬದ ಸೀರೆಯ ಮೇಲೆ ಬಿತ್ತು. "ಇವತ್ತ ರವಿವಾರ. ಚರ್ಚಿಗೆ ಹೋಗಲಿಲ್ಲೇನು?"

ಎಲಿಸವ್ವ ಮೂಗು ಒರೆಸಿಕೊಳ್ಳುತ್ತ ಹುಂಜದ ಕತೆಯನ್ನೆಲ್ಲ ಹೇಳಿದಳು. ಗುರುಸಿದ್ದವ್ವ ಪೂರ್ತಿ ಕೇಳಿ, "ಅಂದ್ರ ಹುಂಜದ ಸಲುವಾಗಿ ಬಂದೀಯೋ, ನನ್ನ ಸಲುವಾಗಿ ಬಂದೀಯೋ?" ಎಂದಳು.

"ನಿನ್ನ ಸಲುವಾಗಿ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ತಾಯಿ ಕಲಿಸಿದ ನಾಲಿಗೆ, ನೆರೆಯವರಿಗೆ ಹಿತವಾದದ್ದನ್ನೇ ಮೊದಲು ತರುತ್ತಿತ್ತು. ಎಲಿಸವ್ವ ಅದನ್ನು ನುಂಗಿದಳು.

"ಚರ್ಚಿನಿಂದ ಹೊಂಟಾಗ ಹುಂಜದ ಸಲುವಾಗೇ ಬಂದ್ನಿ ಅಕ್ಕಾ. ತಿರುಗಿ ಹೋಗಾಕ ಟಂಟಂ ಸುದ್ದಾ ನಿಲ್ಲಿಸೇನಿ."

"ಹಂಗಾದ್ರ ಹೋಗು," ಗುರುಸಿದ್ದವ್ವ ಹಿಟ್ಟಿನ ಕಡೆ ತಿರುಗಿದಳು. "ನನ್ನದೇನೂ ಇಲ್ಲಂತ ನಿಮ್ಮ ದೇವರಿಗೆ ಹೇಳು."

ಬೇಕಾಗಿದ್ದ ಮಾತು ಸಿಕ್ಕಿತ್ತು. ಹೊರಗೆ ಟಂಟಂ ಎರಡು ಸಲ ಹಾರ್ನ್ ಹೊಡೆಯಿತು. ಎಲಿಸವ್ವ ಎದ್ದು ನಿಂತಳು. ಬಟ್ಟೆ ಸುತ್ತಿದ ಕೈಯನ್ನು ಒಳಗೆಳೆದುಕೊಂಡು, ಒಗ್ಗದ ಎಡಗೈಯಿಂದ ಮತ್ತೆ ಹಿಟ್ಟು ನಾದತೊಡಗಿದ್ದ ಗುರುಸಿದ್ದವ್ವನನ್ನು ನೋಡಿದಳು. ಹೊರಗೆ ಹೋಗಿ ಚಾಲಕನಿಗೆ "ನೀ ನಡೀಪಾ," ಎಂದು ಹೇಳಿ ಬಂದಳು. ಹಬ್ಬದ ಸೀರೆಯ ನೆರಿಗೆ ಎತ್ತಿ ಕಟ್ಟಿ, ಕೈ ತೊಳೆದು, ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ಗುರುಸಿದ್ದವ್ವ ಸರಿದು ಒಲೆಯ ಮುಂದೆ ಕೂತಳು. ಇವಳು ರೊಟ್ಟಿ ತಟ್ಟಿ ಕೊಟ್ಟಳು, ಅವಳು ಹಂಚಿನ ಮೇಲೆ ಬೇಯಿಸಿದಳು.

ಅಷ್ಟರಲ್ಲಿ ಫೋನು ಬಂತು. ಹಿಟ್ಟಿನ ಕೈಯಾದ್ದರಿಂದ ಎಲಿಸವ್ವ ಅದನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು.

"ಹರಾಜ ಶುರು ಆಗ್ತದ," ಎಂದ ಲೂಕಪ್ಪ. "ನಿನ್ನ ಹುಂಜ ಪ್ರಾರ್ಥನಿ ನಡದಾಗ ಕೂಗಿ ಕೂಗಿ ನನ್ನ ಮರ್ಯಾದಿ ತಗದೈತಿ. ಪಾಸ್ಟರ್ ಅಕ್ಕಾರು ನೀ ಬರೂ ತನಕ ಅದನ್ನ ಯಾರೂ ಮುಟ್ಟಬ್ಯಾಡ್ರಿ ಅಂದಾರ. ಗುರಸಿದ್ದಕ್ಕ ಮಾತಾಡಿದ್ಲೇನು?"

"ಮಾತಾಡಿದ್ಲು."

"ಮತ್ತ ಲಗೂನ ಬಾ. ಎಲ್ಲಾರೂ ನಿನ್ನ ಹುಂಜಾನ ನೋಡಾಕತ್ತಾರ."

ಗುರುಸಿದ್ದವ್ವ ಹೊರಳಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆ ಹಾಗೇ ನಿಂತಿತು.

"ಇವತ್ತ ಬರಂಗಿಲ್ಲ," ಎಂದಳು ಎಲಿಸವ್ವ. "ಅಕ್ಕನ ಕೈ ನೊಂದೈತಿ. ಹೊಲಕ್ಕ ಬುತ್ತಿ ಹೋಗಬೇಕು. ಹುಂಜ ಮುಂದಿನ ವಾರ ಕೊಟ್ರಾತು, ಅದಕ್ಕ ಒಂದೀಟು ನೀರ ಕುಡಸು." ಲೂಕಪ್ಪ ಇನ್ನೂ ಏನೋ ಹೇಳುತ್ತಿರುವಾಗಲೇ ಫೋನು ಆರಿಸಿದಳು.

ಗುರುಸಿದ್ದವ್ವ ಹಂಚಿನಿಂದ ಬಿಸಿ ರೊಟ್ಟಿಯನ್ನು ಇಳಿಸಿ, ಅದರ ಮೇಲೆ ಬದನೆಕಾಯಿ ಪಲ್ಯ ಹಾಕಿ, ಎಡಗೈಯಿಂದಲೇ ಮುಂದೆ ಹಿಡಿದಳು. ಎಲಿಸವ್ವ ತಗೊಳ್ಳಲು ಕೈ ಚಾಚಿದವಳು ನಡುವೆ ನಿಲ್ಲಿಸಿದಳು.

"ಅಕ್ಕಾ, ಇದು ಎಡಿ ಹಿಡಿದದ್ದೇನು?"

ಗುರುಸಿದ್ದವ್ವ ಆಕೆಯನ್ನೇ ದಿಟ್ಟಿಸಿದಳು. "ಅಲ್ಲ ತಂಗಿ," ಎಂದಳು. "ಎಡಿ ಇನ್ನೂ ಆಗಿಲ್ಲ. ತಿನ್ನು."

ಎಲಿಸವ್ವ ತುತ್ತು ಮುರಿದು ಬಾಯಿಗಿಟ್ಟಳು. ಗುರುಸಿದ್ದವ್ವ ಒಲೆಯನ್ನೂ ಹಂಚನ್ನೂ ಮರೆತು, ಆಕೆ ಅಗಿದು ನುಂಗುವ ತನಕ ಆ ಬಾಯನ್ನೇ ನೋಡುತ್ತ ಕೂತಳು.