ಝಿವೊಯಿನ್ ಮೇಸ್ತ್ರಿಯ ಉಗುರು

ಕಾರಿನ ಮುಂದಿನ ಚಕ್ರಗಳನ್ನು ತಿರುಗಿಸುವ ಹಳೆಯ ಪವರ್ ಸ್ಟೇರಿಂಗ್ ರ‍್ಯಾಕು ಹಾಗೇ ನಡೆಯುತ್ತದೋ, ಬಿಚ್ಚಿ ಎಣ್ಣೆ ಸೋರದಂತೆ ಹೊಸ ಸೀಲು ಹಾಕಬೇಕೋ ಎಂದು ಸರ್ಬಿಯಾದ ನಮ್ಮ ನಿಶ್ ಊರಿನಲ್ಲಿ ನೋಡಿ ಹೇಳಬಲ್ಲವರು ಝಿವೊಯಿನ್ ಮೇಸ್ತ್ರಿ ಒಬ್ಬರೇ. ನಲವತ್ತು ವರ್ಷ ಗ್ಯಾರೇಜಿನ ಗುಂಡಿಯಲ್ಲಿ ನಿಂತು ಅವರ ಬೆನ್ನು ಬಾಗಿದೆ. ನನ್ನ ಟ್ಯಾಕ್ಸಿಗೆಂದು ಭಾನುವಾರದ ಗುಜರಿ ಸಂತೆಯಲ್ಲಿ ಕೊಂಡ ರ‍್ಯಾಕು ಥಳಥಳ ಹೊಳೆಯುತ್ತಿತ್ತು. ಅದನ್ನು ತಂದು ಅವರ ಮುಂದಿಟ್ಟೆ.

"ಹೊಸದರ ಹಾಗಿದೆ, ಅಲ್ವಾ ಮೇಸ್ತ್ರಿ?"

"ಹೆಣಕ್ಕೂ ಸ್ನಾನ ಮಾಡಿಸ್ತಾರಪ್ಪ."

ಮೇಸ್ತ್ರಿ ತುದಿಯ ರಬ್ಬರ್ ಚೀಲ ಸರಿಸಿದರು. ಒಳಗೆ ಎಣ್ಣೆ ಜಿನುಗಿತ್ತು. "ಇಷ್ಟೇ ಆಗಿದ್ರೆ ಸೀಲು ಹಾಕಿದ್ರೆ ಸಾಕಿತ್ತು," ಎನ್ನುತ್ತ ಒಳಗಿನ ಕಂಬಿಯ ಮೇಲೆ ಉಗುರು ಎಳೆದರು. ಅದು ತುಕ್ಕಿನ ಗುಳಿಯಲ್ಲಿ ಸಿಕ್ಕಿಕೊಂಡಿತು. "ಈ ಗುಳಿ ಹೊಸ ಸೀಲನ್ನೂ ತಿಂಗಳಲ್ಲಿ ಹರಿದುಹಾಕುತ್ತೆ. ಎಸಿ ಇದನ್ನ."

ಆಮೇಲೆ ಕಂಬಿಯನ್ನು ಬೆಳಕಿಗೆ ಹಿಡಿದರು. ಅದರ ತುದಿಯಲ್ಲಿ ಉಳಿಯಿಂದ ಕೊರೆದ ಎರಡು ಗೀಟುಗಳಿದ್ದವು. ತಾವು ಬೇಡವೆಂದ ಪ್ರತಿ ರ‍್ಯಾಕಿಗೂ ಮೇಸ್ತ್ರಿ ಹಾಕುವ ಗುರುತು ಅದು, ಸಲಕ್ಕೊಂದು ಗೀಟು.

"ಎರಡು ಸಲ ನಾನೇ ಎಸೆಯೋಕೆ ಹೇಳಿದ್ದೆ. ತೊಳೆಸ್ಕೊಂಡು ವಾಪಸ್ ಬರ್ತಾನೇ ಇದೆ."

"ಹಾಗಾದ್ರೆ ಗರಗಸದಲ್ಲಿ ಎರಡು ತುಂಡು ಮಾಡಿಬಿಡಿ!"

"ಆಗ ಎರಡು ರ‍್ಯಾಕು ಅಂತ ಮಾರ್ತಾರೆ," ಎಂದು ಮೇಸ್ತ್ರಿ ಉಳಿ ತೆಗೆದುಕೊಂಡು ಮೂರನೆಯ ಗೀಟು ಎಳೆದರು.