ಎಡಗಿವಿಯ ತಪಾಸಣೆ

ನನ್ನ ತಂಗಿ ಹೋಗಿ ಇಪ್ಪತ್ತು ದಿನವಾಯಿತು. ವೈಕುಂಠ ಸಮಾರಾಧನೆಯ ದಿನ ಎಲೆ ತೆಗೆದ ಮೇಲೆ ಅವಳ ಮಗ ಕೇಳಿದ, "ದೊಡ್ಡಮ್ಮ, ಅಮ್ಮನಿಗೆ ಎಡಗಿವಿ ಯಾವಾಗಿಂದ ಕೇಳ್ತಿರಲಿಲ್ಲ?"

"ಚಿಕ್ಕಂದಿನಿಂದ ಕಣಪ್ಪ" ಎಂದೆ. ಉಳಿದದ್ದನ್ನು ಅವನಿಗೆ ಹೇಳಲಾಗಲಿಲ್ಲ.

ಅವಳು ನಮ್ಮ ಮನೆಯಲ್ಲಿ ಹುಟ್ಟಿದವಳಲ್ಲ. ಅರವತ್ತರ ದಶಕದ ಮೊದಲಲ್ಲಿ, ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದಾಗ, ಸರ್ಕಾರದ ಮಕ್ಕಳ ಮನೆಯಿಂದ ಸಾಕಲು ತಂದ ಮಗು. ಆಗ ಅವಳಿಗೆ ಆರು ವರ್ಷ, ನನಗೆ ಹದಿಮೂರು. ಕಾಗದದ ಪ್ರಕಾರ ಅವಳಿನ್ನೂ ಸರ್ಕಾರದ ಮಗುವೇ. ಹಾಗಾಗಿ ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಬೇಕಿತ್ತು. ಅಪ್ಪನಿಗೆ ಆಫೀಸು. ಹಾಸಿಗೆ ಹಿಡಿದ ಅಜ್ಜಿಯನ್ನು ಬಿಟ್ಟು ಅಮ್ಮ ಬರುವ ಹಾಗಿರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನ ಮಗುವನ್ನು ಒಪ್ಪಿಸುವಾಗ ಅಲ್ಲಿಯ ಆಯಾ ನಗುತ್ತ ಹೇಳಿದ್ದಳು: "ಸರಿಯಾಗಿ ನೋಡ್ಕೊಳ್ಳಿ ಅಮ್ಮಾವ್ರೇ. ಕಾಯಿಲೆ ಬೀಳಿಸಿದ್ರೆ ವಾಪಸ್ ಇಟ್ಕೊಂಬಿಡ್ತೀವಿ." ಅದು ತಮಾಷೆಯ ಮಾತು. ಅಮ್ಮ ಅದನ್ನು ಕಾನೂನೆಂದೇ ತಿಳಿದಳು. ನಾನೂ ಹಾಗೇ ತಿಳಿದೆ.

ಆ ಮಳೆಗಾಲದಲ್ಲಿ ಅವಳ ಎಡಗಿವಿ ಸೋರತೊಡಗಿತು. ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಸೋರುವುದು ನಿಲ್ಲಲಿಲ್ಲ. ಅಮ್ಮ ದಿನಾ ಬಿಡತೊಡಗಿದಳು. ಎದುರುಮನೆಯಾಕೆ ಒಮ್ಮೆ ಗೇಟಿನ ಹತ್ತಿರ ನಿಂತು, "ಹಿಂದಿನಿಂದ ಕರೆದ್ರೆ ತಿರುಗೋದೂ ಇಲ್ವಲ್ರೀ, ಯಾವ ಊರಿನ ಮಹಾರಾಣೀನ ತಂದಿದ್ದೀರಿ?" ಎಂದರು.

"ಏನೋ ಯೋಚನೆ ಮಾಡ್ತಿರ್ತಾಳೆ" ಎಂದು ಅಮ್ಮ ಒಳಗೆ ಬಂದಳು.

ತಪಾಸಣೆಯ ದಿನ ಬೆಳಗ್ಗೆ ಅಮ್ಮ ಆ ಕಿವಿಯನ್ನು ಹತ್ತಿಯಿಂದ ಒರೆಸಿ, ಎರಡು ಜಡೆ ಹೆಣೆದು, ಮಡಚಿ, ಕಿವಿ ಮುಚ್ಚುವಂತೆ ಅಗಲವಾದ ಟೇಪು ಕಟ್ಟುತ್ತಿದ್ದಳು. ಡಾಕ್ಟರು ನಾಲಿಗೆ ನೋಡುತ್ತಿದ್ದರು, ಹೊಟ್ಟೆ ಒತ್ತುತ್ತಿದ್ದರು, ತೂಕ ಬರೆಸುತ್ತಿದ್ದರು. ಕೊನೆಗೆ ಕೈಗಡಿಯಾರ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ಒಂದೊಂದು ಕಿವಿಗೂ ತರುತ್ತಿದ್ದರು. "ಟಿಕ್ ಟಿಕ್ ಕೇಳ್ತಾ ಪುಟ್ಟಿ?" ಕೆಲವು ಸಲ ಬರೀ ಮುಷ್ಟಿ ಹಿಡಿದು ಗಡಿಯಾರವನ್ನು ಇನ್ನೊಂದು ಕೈಯಲ್ಲಿ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಅವರ ಹಿಂದೆ ನಿಂತ ನನಗೆ ಅದು ಕಾಣುತ್ತಿತ್ತು. ಗಡಿಯಾರ ಕಿವಿಯ ಹತ್ತಿರ ಇದ್ದರೆ ನಾನು ತಲೆ ಆಡಿಸುತ್ತಿದ್ದೆ, ಇಲ್ಲದಿದ್ದರೆ ಸುಮ್ಮನಿರುತ್ತಿದ್ದೆ. ಅವಳು ನನ್ನ ಮುಖ ನೋಡಿ ಉತ್ತರ ಹೇಳುತ್ತಿದ್ದಳು. ನಾನೇ ಹೇಳಿಕೊಟ್ಟದ್ದು. ಎರಡು ಸಲ ಹೀಗೇ ದಾಟಿದೆವು.

ಮೂರನೆಯ ಸಲಕ್ಕೆ ಒಂದು ವಾರ ಮೊದಲು ಬನಶಂಕರಿ ಗುಡಿಯಿಂದ ನಡೆದು ಬರುತ್ತಿದ್ದೆವು. ಅವಳು ನನ್ನಿಂದ ನಾಲ್ಕು ಹೆಜ್ಜೆ ಮುಂದೆ, ರಸ್ತೆಯ ನಡುವೆ. ಹಿಂದಿನಿಂದ, ಅವಳ ಎಡಗಡೆಗೆ, ಜಟಕಾ ಬಂತು. ಗಾಡಿಯವನು ಕೂಗಿದ, ನಾನೂ ಕೂಗಿದೆ. ಅವಳು ಹಾಗೇ ನಡೆಯುತ್ತಿದ್ದಳು. ಓಡಿಹೋಗಿ ರಟ್ಟೆ ಹಿಡಿದೆಳೆದಾಗ ಇಬ್ಬರೂ ಚರಂಡಿಯ ಪಕ್ಕ ಬಿದ್ದೆವು.

"ಕಿವಿ ಇಲ್ವೇನವ್ವ ಆ ಮಗೀಗೆ?" ಎಂದು ಗಾಡಿಯವನು ಕುದುರೆ ನಿಲ್ಲಿಸಿ ಕೇಳಿದ. ಬೈದದ್ದಲ್ಲ, ಕೇಳಿದ್ದು. ಮನೆಗೆ ಬಂದು ಅಮ್ಮನಿಗೆ, ದಾರಿಯಲ್ಲಿ ಎಡವಿ ಬಿದ್ದೆವು ಎಂದೆ.

ಆ ಸಲ ಡಾಕ್ಟರು ಗಡಿಯಾರವನ್ನು ಎಡಗಿವಿಗೆ ತಂದಾಗ ನಾನು ತಲೆ ಆಡಿಸಲಿಲ್ಲ. ಬರೀ ಮುಷ್ಟಿ ಎಂದು ತಿಳಿದು ಅವಳು "ಇಲ್ಲ" ಎಂದಳು. ಡಾಕ್ಟರು ಮತ್ತೊಮ್ಮೆ ಹಿಡಿದರು. ಅವಳು ಮತ್ತೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಏನಮ್ಮ, ಗಡಿಯಾರ ನನ್ನ ಕೈಲಿದೆಯೋ, ನಿಮ್ಮಕ್ಕನ ಮುಖದಲ್ಲಿದೆಯೋ?" ಎಂದು ಡಾಕ್ಟರು ತಿರುಗಿದರು.

"ಆ ಕಿವಿ ಕೇಳಲ್ಲ ಡಾಕ್ಟ್ರೇ. ಸೋರುತ್ತೆ. ಎಣ್ಣೆ ಬಿಡ್ತಿದ್ವಿ" ಎಂದೆ.

ಅವರು ಟೇಪು ಬಿಚ್ಚಿ, ಟಾರ್ಚು ಹಾಕಿ ನೋಡಿದರು. ಬೈಯಲಿಲ್ಲ. "ಮೊದಲೇ ಹೇಳಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಔಷಧಿ ಮುಗಿಯುವವರೆಗೆ ಮಗು ಇಲ್ಲೇ ಇರಲಿ ಎಂದರು. ಆಯಾ ಕೈಹಿಡಿದು ಕರೆದುಕೊಂಡು ಹೋಗುವಾಗ ಅವಳು ಅಳಲಿಲ್ಲ. ನಾನು ಟೇಪುಗಳನ್ನು ಕೈಯಲ್ಲಿ ಹಿಡಿದು ಒಬ್ಬಳೇ ಮನೆಗೆ ಬಂದೆ.

ಏಳು ವಾರ. ಭಾನುವಾರ ಅಪ್ಪ ಅಜ್ಜಿಯ ಹತ್ತಿರ ಕೂರುತ್ತಿದ್ದ, ಅಮ್ಮ ಹೋಗಿ ನೋಡಿಕೊಂಡು ಬರುತ್ತಿದ್ದಳು. ಕೊನೆಗೆ ಯಾರೂ ಅವಳನ್ನು ನಮ್ಮಿಂದ ಕಿತ್ತುಕೊಳ್ಳಲಿಲ್ಲ. ಮಗುವನ್ನು ಅದೇ ಮನೆಗೆ ಕಳಿಸಬಹುದು ಎಂದು ಡಾಕ್ಟರೇ ಬರೆದುಕೊಟ್ಟರು. ಸೋರುವುದು ನಿಂತಿತ್ತು. ಕೇಳುವುದು ಮಾತ್ರ ಮರಳಲಿಲ್ಲ.

ಮುಂದಿನ ತಪಾಸಣೆಯ ಬೆಳಗ್ಗೆ ಅಮ್ಮ ಜಡೆ ಹಾಕುತ್ತಿದ್ದಾಗ ಅವಳು ಹೇಳಿದಳು, "ಅಕ್ಕ ಬೇಡ. ನೀನು ಬಾ."

"ಅಜ್ಜೀನ ಯಾರು ನೋಡ್ಕೋತಾರೆ?"

"ಅಕ್ಕ."

ಅಮ್ಮ ಸೀರೆ ಬದಲಿಸಿ ಹೊರಟಳು.

ಆಮೇಲೆ ಅವಳು ನನ್ನ ಜೊತೆ ಜಗಳವಾಡಿದಳು, ನನ್ನ ಸೀರೆ ಉಟ್ಟಳು, ಅಮ್ಮ ಹೋದ ಮೇಲೆ ಬಾಣಂತನಕ್ಕೆ ನನ್ನ ಮನೆಗೇ ಬಂದಳು. ನಾನು ಮಾಡಿದ್ದು ಸರಿ ಎಂದು ಅಪ್ಪ ಎಷ್ಟೋ ಸಲ ಹೇಳಿದ. ಅವಳು ಆ ಮಾತೆತ್ತಲೇ ಇಲ್ಲ. ಆದರೆ ನನ್ನ ಜೊತೆ ಎಂದೂ ಯಾವ ಡಾಕ್ಟರ ಹತ್ತಿರವೂ ಬರಲಿಲ್ಲ. ಕಳೆದ ತಿಂಗಳು ಆಸ್ಪತ್ರೆಗೂ ಮಗನೊಡನೆ ಹೋದಳು. ನನಗೆ ತಿಳಿದದ್ದು ಮರುದಿನ.